ಕೈ ಹಿಂದೆ ಕಟ್ಟಿ ನಿಂತವರು

ಐರ್ಲೆಂಡಿನಲ್ಲಿ ಏನೇನು ನೋಡಿದಿರಿ ಎಂದು ಕಾಪುವಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಮೀನು ಮಾರ್ಕೆಟಿನಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕಂಡಕ್ಟರ್ ಕೂಡ ಕೇಳಿದ್ದಾನೆ. ನೋಡಬೇಕೆಂದು ಹೊರಟಿದ್ದ ಕಡಲಂಚಿನ ಎತ್ತರದ ಬಂಡೆಗಳನ್ನು ನಾವು ನೋಡಲಿಲ್ಲ. ಕೋಟೆಗಳನ್ನೂ ನೋಡಲಿಲ್ಲ. ನಾನು ಹೆಚ್ಚು ಹೊತ್ತು ನೋಡಿದ್ದು ಆಸ್ಪತ್ರೆಯೊಂದರ ಕಿಟಕಿಯಾಚೆ ಕಾರುಗಳನ್ನು ನಿಲ್ಲಿಸುವ ಜಾಗವನ್ನು, ಮತ್ತು ನನ್ನ ಹೆಂಡತಿಯ ಬಲಗೈಯನ್ನು. ಅದನ್ನು ಮೀನಿನ ಚೀಲ ಹಿಡಿದುಕೊಂಡು ಹೇಳಿ ಮುಗಿಸಲಾಗುವುದಿಲ್ಲ. ಇಲ್ಲಿ ಕೂತು ನಿಧಾನವಾಗಿ, ಆದದ್ದನ್ನು ಆದ ಹಾಗೆ ಬರೆಯಲು ನೋಡುತ್ತೇನೆ.

ನಾನು ಉದ್ಯಾವರದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದವನು. ಹೆಂಡತಿ ವಾರಿಜಾ ಮಣಿಪಾಲದಲ್ಲಿ ನರ್ಸಿಂಗ್ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೂ ವಾರಕ್ಕೊಂದೆರಡು ಸಲ ಹೋಗಿ ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ರೋಗಿಯ ಹತ್ತಿರ ಹೋಗುವುದು ಹೇಗೆ, ಮುಟ್ಟುವುದು ಹೇಗೆ ಎಂಬುದು ಅವಳ ಪಾಠ. ಅವಳ ಹಳೆಯ ಶಿಷ್ಯೆ, ಕಾರ್ಕಳದ ಜೆಸಿಂತಾ, ಗಾಲ್ವೇ ಎಂಬ ಊರಿನಲ್ಲಿ ನರ್ಸ್ ಆಗಿದ್ದಾಳೆ. ಹೊಸ ಮನೆ ಕೊಂಡಿದ್ದೇನೆ, ಮೇಡಂ ಬಂದು ಒಂದು ಲೋಟ ಚಾ ಕುಡಿದರೇ ಅದು ಮನೆ ಎಂದು ವರ್ಷವಿಡೀ ಫೋನಿನಲ್ಲಿ ಹಟ ಹಿಡಿದಳು. ಆ ದೇಶದಲ್ಲಿರುವ ಹಳೆಯ ವಿದ್ಯಾರ್ಥಿನಿಯರೆಲ್ಲ ಒಂದು ಭಾನುವಾರ ಅವಳ ಮನೆಯಲ್ಲಿ ಸೇರುವುದೆಂದೂ ನಿಶ್ಚಯವಾಗಿತ್ತು. ಹಾಗೆ ನಾವು ಹೊರಟೆವು.

ಡಬ್ಲಿನ್

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವರು ಯಾಕೆ ಬಂದಿರಿ ಎಂದು ಕೇಳಿದರು. ವಾರಿಜಾ, "ಮಕ್ಕಳನ್ನು ನೋಡಲು" ಎಂದಳು.

ಎಷ್ಟು ಮಂದಿ ಮಕ್ಕಳು ಎಂದು ಅವರು ಕೇಳಿದರು.

"ಈ ದೇಶದಲ್ಲಿ ಎಷ್ಟಿದ್ದಾರೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ" ಎಂದಳು ಇವಳು, ಬಹಳ ಪ್ರಾಮಾಣಿಕವಾಗಿ.

ಅಧಿಕಾರಿ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ನಮಗೆ ಸ್ವಂತ ಮಕ್ಕಳಿಲ್ಲ ಎಂಬುದು ಅರ್ಜಿಯಲ್ಲೇ ಇತ್ತು. ಇವರು ಟೀಚರು, ಶಿಷ್ಯೆಯರು ನರ್ಸುಗಳು ಎಂದು ನಾನು ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ನರ್ಸುಗಳು ಎಂದ ಕೂಡಲೇ ಅವರ ಮುಖ ಬದಲಾಯಿತು. ತನ್ನ ತಾಯಿಯನ್ನು ಕಡೆಯ ದಿನಗಳಲ್ಲಿ ನೋಡಿಕೊಂಡದ್ದು ನಿಮ್ಮ ಕಡೆಯ ಹುಡುಗಿಯೇ ಎಂದರು. ನಿಮ್ಮ ಕಡೆ ಎಂದರೆ ಕೇರಳವೋ ಕಾರ್ಕಳವೋ ಅವರಿಗೆ ಗೊತ್ತಿರಲಿಕ್ಕಿಲ್ಲ. ವಾರಿಜಾ ಮಾತ್ರ, "ಆ ಹುಡುಗಿ ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟುತ್ತಿದ್ದಳಾ?" ಎಂದು ಕೇಳಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಅವಳ ಸೆರಗು ಎಳೆದೆ.

ಗಾಲ್ವೇಗೆ ಬಸ್ಸು. ಅಲ್ಲಿ ಇಳಿಯುವ ಪ್ರತಿಯೊಬ್ಬನೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾನೆ. ಮುದುಕರು, ಶಾಲೆಯ ಮಕ್ಕಳು, ಕಿವಿಗೆ ಹಾಡು ಸಿಕ್ಕಿಸಿಕೊಂಡ ಹುಡುಗರು, ಎಲ್ಲರೂ. ನಮ್ಮ ಉಡುಪಿ-ಕಾರ್ಕಳ ಬಸ್ಸಿನಲ್ಲಿ ಹೀಗೆ ಹೇಳಲು ನಿಂತರೆ ಹೇಳಿ ಮುಗಿಯುವಾಗ ಮುಂದಿನ ಸ್ಟಾಪು ಬಂದಿರುತ್ತದೆ ಎಂದೆ. ವಾರಿಜಾ ನಗಲಿಲ್ಲ. "ಒಳ್ಳೆಯ ಅಭ್ಯಾಸ ಮಾಷ್ಟ್ರೇ" ಎಂದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಕರೆಯುವುದು ಹಾಗೆಯೇ. ಇಳಿಯುವಾಗ ಡ್ರೈವರಿಗೆ ಇಬ್ಬರ ಪರವಾಗಿ ಅವಳೇ ಹೇಳಿದಳು.

ಜೆಸಿಂತಾಳ ಅಡುಗೆಮನೆ

ಜೆಸಿಂತಾಳ ಮನೆಯಲ್ಲಿ ಬಚ್ಚಲಿನ ದೀಪಕ್ಕೆ ಸ್ವಿಚ್ಚಿಲ್ಲ. ಸೂರಿನಿಂದ ಇಳಿಬಿಟ್ಟ ದಾರ ಎಳೆಯಬೇಕು. ನಲ್ಲಿಗಳು ಎರಡು: ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು, ಎರಡೂ ಸೇರುವ ಜಾಗವೇ ಇಲ್ಲ. ಅದು ಮೇ ತಿಂಗಳು. ಕಾಪುವಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವರು ಅಲ್ಲಿ ಸ್ವೆಟರು ಹಾಕಿ ಕೂತೆವು. ಜೆಸಿಂತಾ ತನ್ನ ಗಂಡನ ಮುಂದೆ ಮೇಡಂನ ಕಥೆಗಳನ್ನು ತೆಗೆದಳು.

"ನಾವು ತಣ್ಣಗಿನ ಕೈಯಲ್ಲಿ ಪೇಷಂಟನ್ನು ಮುಟ್ಟಿದ್ರೆ ಮೇಡಂ ಎಂತ ಮಾಡ್ತಿದ್ರು ಗೊತ್ತುಂಟಾ ಸರ್? ಫ್ರಿಜ್ಜಿಂದ ಐಸ್ ತೆಗೆದು ನಮ್ಮ ಕುತ್ತಿಗೆಗೆ ಇಡುದು!"

"ಒಮ್ಮೆ ಇಟ್ಟದ್ದು. ಒಬ್ಬಳಿಗೆ" ಎಂದಳು ವಾರಿಜಾ.

"ಆ ಒಬ್ಬಳು ನಾನೇ ಅಲ್ವಾ ಮೇಡಂ!"

ಮರುದಿನ ಬೆಳಿಗ್ಗೆ ನಾವು ಮೂವರೂ ಚಾ ಕುಡಿಯುತ್ತಿದ್ದೆವು. ಜೆಸಿಂತಾಳ ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ವಾರಿಜಾಳ ಕೈಯಿಂದ ಕಪ್ಪು ಜಾರಿತು. ಅದು ಒಡೆಯಲಿಲ್ಲ, ಮೇಜಿನ ಮೇಲೆಯೇ ಮಗುಚಿ ಬಿತ್ತು. ನಾನು ಒರೆಸುವ ಬಟ್ಟೆ ಹುಡುಕಿದೆ. ತಿರುಗಿ ನೋಡಿದಾಗ ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ, ಬಿಟ್ಟು, ಅದು ಬೀಳುವುದನ್ನು ನೋಡುತ್ತಿದ್ದಳು. ಬೇರೆ ಯಾರದೋ ಕೈಯನ್ನು ಪರೀಕ್ಷೆ ಮಾಡುವವಳ ಹಾಗೆ. ಏನೋ ಹೇಳಲು ಬಾಯಿ ತೆರೆದಳು. ಶಬ್ದ ಬಂತು, ಮಾತು ಬರಲಿಲ್ಲ. ಆಮೇಲೆ ಅವಳು ಎಡಗೈ ಎತ್ತಿ ಗೋಡೆಯ ಗಡಿಯಾರವನ್ನು ತೋರಿಸಿದಳು. ಒಮ್ಮೆ ತೋರಿಸಿ ನಮ್ಮನ್ನು ನೋಡಿದಳು. ಮತ್ತೆ ತೋರಿಸಿದಳು.

"ತಡವಾಯ್ತಾ? ಎಲ್ಲಿಗಾದರೂ ಹೋಗಬೇಕಿತ್ತಾ?" ಎಂದು ನಾನು ಕೇಳಿದೆ.

ಜೆಸಿಂತಾ ಅಷ್ಟರಲ್ಲಿ ಫೋನ್ ಕೈಗೆತ್ತಿಕೊಂಡಿದ್ದಳು. ಅವಳು ಆಂಬುಲೆನ್ಸಿನವರಿಗೆ ಹೇಳಿದ ಮೊದಲ ಸಂಗತಿ ಆ ಗಡಿಯಾರದ ಹೊತ್ತು. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದನ್ನು ಕರಗಿಸುವ ಚುಚ್ಚುಮದ್ದು ಉಂಟು. ಶುರುವಾದ ಹೊತ್ತು ಖಚಿತವಾಗಿ ಗೊತ್ತಿದ್ದರೆ ಮಾತ್ರ, ಅದೂ ಬೇಗ, ಅದನ್ನು ಕೊಡಬಹುದು. ಇದನ್ನು ನನಗೆ ಆಮೇಲೆ ವಿವರಿಸಿದರು. ವಾರಿಜಾ ಅದನ್ನೇ ವರ್ಷಗಟ್ಟಲೆ ಪಾಠ ಮಾಡಿದ್ದಳು. ಮಾತು ಹೋದ ಆ ಗಳಿಗೆಯಲ್ಲೂ ತನ್ನ ರೋಗದ ಮೊದಲ ವರದಿಯನ್ನು ತಾನೇ ಕೊಟ್ಟಿದ್ದಳು. ನಾನು ಅವಳ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ.

ವಾರ್ಡು

ಚುಚ್ಚುಮದ್ದು ಸಿಕ್ಕಿತು. ಜೀವಕ್ಕೆ ಭಯವಿಲ್ಲ ಎಂದು ಸಂಜೆಗೆ ಡಾಕ್ಟರರು ಹೇಳಿದರು. ಕಾಲಿನಲ್ಲಿ ಬಲ ಬೇಗ ಬರಬಹುದು; ಮಾತು ಎಷ್ಟು ಬರುತ್ತದೋ ಹೇಳಲಾಗದು; ಬಲಗೈ ಏನಾಗುತ್ತದೆಂದು ಈಗಿನ ಕೆಲವು ವಾರಗಳೇ ತೀರ್ಮಾನಿಸುತ್ತವೆ. ಇಷ್ಟನ್ನು ಹೇಳಿ ಅವರು ನನ್ನ ಭುಜ ಮುಟ್ಟಿದರು.

ಬಲಗೈ. ಹಾಸಿಗೆಯ ಹೊದಿಕೆಯ ಮೂಲೆ ಮಡಚುವ ಕೈ. ಟಿವಿಯಲ್ಲಿ ವಾರ್ತೆ ನೋಡುತ್ತಾ ಕೂತಾಗ ಸುಮ್ಮನೆ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡುವ ಕೈ. ಮಾತು ಕಡಿಮೆಯಾದರೂ ಅವಳು ಪಾಠ ಮಾಡಿಯಾಳು, ಕೈಯಿಲ್ಲದೆ ಹೇಗೆ ಮಾಡಿಯಾಳು? ಊರಿನಲ್ಲಿ ಮಳೆ ಶುರುವಾದ ಮೇಲೆ ಬರುವ ಹೊಸ ತರಗತಿಗೆ ಅವಳು ಮತ್ತೆ ಹೋಗುವುದುಂಟೋ ಇಲ್ಲವೋ ಎಂಬ ಪ್ರಶ್ನೆ ಆ ದಿನದಿಂದ ನನ್ನ ಜೊತೆಯಲ್ಲೇ ಕೂತಿತು.

ಅವಳು ಬೆಳ್ಮಣ್‌ನ ಗದ್ದೆ ಮನೆಯಿಂದ ಬಂದವಳು. ನರ್ಸಿಂಗಿಗೆ ಸೇರುತ್ತೇನೆಂದಾಗ ಅವಳ ತಾಯಿ, ಊರವರ ಹೇಲು ಉಚ್ಚೆ ಬಾಚಲು ನಿನ್ನನ್ನು ಹೆತ್ತದ್ದಾ ಎಂದು ಎರಡು ದಿನ ಉಣ್ಣಲಿಲ್ಲವಂತೆ. ಅದೇ ತಾಯಿ ಕಡೆಗೆ ಹಾಸಿಗೆ ಹಿಡಿದಾಗ ಇವಳನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹೆಣ್ಣು ನೋಡಲು ಹೋದ ದಿನ ನನ್ನ ದೊಡ್ಡಮ್ಮ, "ನರ್ಸಾ? ರಾತ್ರಿ ಡ್ಯೂಟಿಯೂ ಉಂಟಾ?" ಎಂದು ಮೂಗಿನ ಮೇಲೆ ಬೆರಳಿಟ್ಟರು. "ಉಂಟು. ಜನರಿಗೆ ರಾತ್ರಿಯೂ ಹುಷಾರು ತಪ್ತದೆ ಅಲ್ವಾ?" ಎಂದಳು ಇವಳು, ಚಾದ ತಟ್ಟೆ ಹಿಡಿದುಕೊಂಡೇ. ನಾನು ಆಗಲೇ ಒಪ್ಪಿದ್ದೆ. ಮೊದಲ ವರ್ಷಗಳಲ್ಲಿ ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆ. ಅವಳು ಮಣಿಪಾಲಕ್ಕೆ, ನಾನು ಉದ್ಯಾವರಕ್ಕೆ. ಆಮೇಲೆ ಸ್ಕೂಟರು ಬಂತು, ಅವಳನ್ನು ಕಾಲೇಜಿನ ಗೇಟಿನವರೆಗೆ ಬಿಡುತ್ತಿದ್ದೆ. ಗೇಟಿನಿಂದ ಒಳಗೆ ಅವಳು ಏನು ಮಾಡುತ್ತಾಳೆಂಬುದನ್ನು ನಾನು ಅವಳ ಬಾಯಿಂದ ಕೇಳಿದ್ದೇ ಹೊರತು ಕಣ್ಣಿಂದ ಕಂಡವನಲ್ಲ.

ಎರಡನೆಯ ದಿನ ಓರ್ಲಾ ಎಂಬ ಹೆಣ್ಣುಮಗಳು ಬಂದಳು. ಮಾತು ಕಲಿಸುವ ಚಿಕಿತ್ಸಕಿಯಂತೆ. ಆದರೆ ಮಾತು ಬಿಟ್ಟು ಅವಳು ಒಂದು ಚಮಚ ನೀರು ತೆಗೆದುಕೊಂಡು ವಾರಿಜಾಳ ಬಾಯಿಗೆ ಬಿಟ್ಟಳು, ಗಂಟಲಿನ ಮೇಲೆ ಎರಡು ಬೆರಳಿಟ್ಟು ಕಾದಳು. ಬಾಯಾರಿದೆ, ಇನ್ನಷ್ಟು ಕೊಡಬಾರದೇ ಎಂದು ನಾನು ಚಡಪಡಿಸಿದೆ. ವಾರಿಜಾ ಎಡಗೈ ಎತ್ತಿ, ಸುಮ್ಮನಿರಿ ಎಂಬಂತೆ ನನ್ನತ್ತ ತೋರಿಸಿದಳು. ಮಾತನಾಡಿಸುವ ನರಗಳೂ ನುಂಗಿಸುವ ನರಗಳೂ ಅಕ್ಕಪಕ್ಕದ ಮನೆಯವು, ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದೀತು ಎಂದು ಜೆಸಿಂತಾ ಆಮೇಲೆ ಹೇಳಿದಳು. ಚಾ ಬೇಕಾದರೆ ಪುಡಿ ಹಾಕಿ ದಪ್ಪ ಮಾಡಿ ಕೊಡುತ್ತಿದ್ದರು. ಅದನ್ನು ಮೊದಲ ಸಲ ಬಾಯಿಗಿಟ್ಟಾಗ ವಾರಿಜಾ ಮಾಡಿದ ಮುಖವನ್ನು ನೋಡಿ ಪಕ್ಕದ ಹಾಸಿಗೆಯ ಅಜ್ಜಿ ಬಿದ್ದು ಬಿದ್ದು ನಕ್ಕಿತು. ಅದಕ್ಕೂ ಅದೇ ಚಾ.

ನನ್ನಿಂದಲೂ ಒಂದು ಅವಾಂತರವಾಯಿತು. ವಾರ್ಡಿನ ಬಚ್ಚಲಿನಲ್ಲಿ ಕೆಂಪು ದಾರವೊಂದು ಇಳಿಬಿದ್ದಿತ್ತು. ಜೆಸಿಂತಾಳ ಮನೆಯಂತೆ ಇದೂ ದೀಪದ್ದೆಂದು ಎಳೆದೆ. ದೀಪ ಹತ್ತಲಿಲ್ಲ, ಇನ್ನೂ ಜೋರಾಗಿ ಎಳೆದೆ. ಮೂವರು ನರ್ಸುಗಳು ಬಾಗಿಲು ತಳ್ಳಿ ಒಳನುಗ್ಗಿದರು. ಬಿದ್ದವರು ಸಹಾಯಕ್ಕೆ ಎಳೆಯುವ ದಾರ ಅದು. ನಾನು ಪಂಚೆ ಬಿಗಿಹಿಡಿದು ಸಾರಿ, ಸಾರಿ ಎಂದೆ. ಅವರೂ ಸಾರಿ ಎಂದರು. ಆ ದೇಶದಲ್ಲಿ ಕಾಲು ತುಳಿದವನೂ ತುಳಿಸಿಕೊಂಡವನೂ ಇಬ್ಬರೂ ಸಾರಿ ಹೇಳುತ್ತಾರೆ.

ಸಾಲ್ತ್‌ಹಿಲ್

ವಾರ್ಡಿನಲ್ಲಿ ಮಧ್ಯಾಹ್ನ ವಿಶ್ರಾಂತಿಯ ಹೊತ್ತು. ಹೊರಗಿನವರು ಇರುವಂತಿಲ್ಲ. ಜೆಸಿಂತಾ ನನ್ನನ್ನು ಕಾರಿನಲ್ಲಿ ಸಾಲ್ತ್‌ಹಿಲ್ ಎಂಬ ಕಡಲ ಬದಿಗೆ ತಂದು ಬಿಟ್ಟಳು. "ಗಾಳಿ ಕುಡೀರಿ ಸರ್. ನೀವೂ ಹಾಸಿಗೆ ಹಿಡಿದ್ರೆ ನಾನು ಎಲ್ಲಿಗೆ ಹೋಗುದು?"

ಕಲ್ಲು ಹಾಸಿದ ಉದ್ದನೆಯ ದಾರಿ, ಒಂದು ಬದಿಗೆ ಕಡಲು. ನಮ್ಮ ಕಾಪುವಿನ ಕಡಲು ಬಂಡೆಗೆ ಬಡಿದು ಮಾತಾಡುತ್ತದೆ. ಇದು ಬೂದು ಬಣ್ಣದ, ಗೊಣಗುವ ಕಡಲು. ನಡೆಯುವವರು ದಾರಿ ಮುಗಿಯುವಲ್ಲಿ ಇರುವ ಗೋಡೆಯವರೆಗೆ ಹೋಗಿ, ಆ ಗೋಡೆಗೆ ಬೂಟುಗಾಲಿನಿಂದ ಮೆಲ್ಲಗೆ ಒದ್ದು, ತಿರುಗಿ ಹೋಗುತ್ತಾರೆ. ಸೂಟು ಹಾಕಿದವರೂ ಒದೆಯುತ್ತಾರೆ. ಮಗುವನ್ನು ತಳ್ಳುಗಾಡಿಯಲ್ಲಿ ತಂದವಳು ಗಾಡಿಯ ಚಕ್ರವನ್ನು ಮುಟ್ಟಿಸಿ, ತಾನೂ ಒದ್ದಳು. ಯಾಕೆ ಎಂದು ಒಬ್ಬ ಮುದುಕರನ್ನು ಕೇಳಿದೆ. ಅವರು ಬಹಳ ಯೋಚಿಸಿ, ಒದೆಯದಿದ್ದರೆ ನಡೆದದ್ದು ಲೆಕ್ಕಕ್ಕಿಲ್ಲ ಎಂದರು.

ನಾನು ಗೋಡೆಯವರೆಗೆ ಹೋದೆ. ಒದೆಯಲಾಗಲಿಲ್ಲ. ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಸುಮ್ಮನೆ ಅಂಗೈ ಇಟ್ಟು ನಿಂತೆ. ಕಲ್ಲು ತಣ್ಣಗಿತ್ತು. ಎಷ್ಟು ಹೊತ್ತು ನಿಂತೆನೋ, ಆ ಮುದುಕರು ಹೋಗದೆ ಸ್ವಲ್ಪ ದೂರದಲ್ಲಿ ಕಡಲು ನೋಡುತ್ತಾ ನಿಂತಿದ್ದರು. ನಾನು ಕಣ್ಣೊರೆಸಿಕೊಂಡು ಹೊರಟಾಗ ಅವರೂ ಹೊರಟರು.

ಶಿಷ್ಯೆಯರು

ಭಾನುವಾರ ಜೆಸಿಂತಾಳ ಮನೆಯಲ್ಲಿ ಸೇರಬೇಕಾಗಿದ್ದವರು ಆಸ್ಪತ್ರೆಗೆ ಬರತೊಡಗಿದರು. ದೂರದ ಊರುಗಳಿಂದ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ, ರೈಲು ಹಿಡಿದು. ಬಂದವರು ಮೊದಲು ಹಾಸಿಗೆಯ ಕಾಲ ಬದಿಯಲ್ಲಿ ನೆಟ್ಟಗೆ ನಿಲ್ಲುತ್ತಿದ್ದರು, ತರಗತಿಗೆ ಟೀಚರು ಬಂದಾಗ ನಿಲ್ಲುವ ಹಾಗೆ. ಕೂತುಕೊಳ್ಳಿ ಎಂದು ನಾನೇ ಹೇಳಬೇಕು. ಆಮೇಲೆ ಶುರು. ಒಬ್ಬಳು ತಲೆ ಬಾಚಿ ಜಡೆ ಹಾಕುವಳು. ಒಬ್ಬಳು ಕಾಲಿಗೆ ಎಣ್ಣೆ. ಜೆಸಿಂತಾ ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ರುಬ್ಬಿ ತಂದಳು. ಓರ್ಲಾ ಅದನ್ನು ಚಮಚದಲ್ಲಿ ಎತ್ತಿ, ಓರೆ ಮಾಡಿ, ಅದು ಜಾರುವ ರೀತಿ ನೋಡಿ, ಆಗಬಹುದು ಎಂದಳು. ಆ ಗಂಜಿಯನ್ನು ಇವರು ಸರದಿಯ ಮೇಲೆ ತಿನ್ನಿಸಿದರು. ಬಾಯಿ ಒರೆಸಿದರು. ದಿಂಬು ಸರಿ ಮಾಡಿದರು. ವಾರಿಜಾ ಎಡಗೈಯಿಂದ ಚಮಚವನ್ನು ಆಚೆ ತಳ್ಳಿದರೆ, "ಪಾಪ, ಮೇಡಂಗೆ ಸುಸ್ತಾಗಿದೆ" ಎಂದು ಮಲಗಿಸಿದರು. ಅವಳ ಕಣ್ಣಿನಲ್ಲಿ ಸುಸ್ತು ಇರಲಿಲ್ಲ. ಸಿಟ್ಟಿತ್ತು. ನನಗೆ ಅದು ಕಾಣುತ್ತಿತ್ತು, ಯಾಕೆ ಎಂದು ಗೊತ್ತಾಗುತ್ತಿರಲಿಲ್ಲ.

ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಕರೆದರು. ಇಷ್ಟು ಪ್ರೀತಿ ಸಿಕ್ಕಿದ ರೋಗಿಯನ್ನು ತಾನು ನೋಡಿಲ್ಲ ಎಂದರು. ಸ್ವಲ್ಪ ತಡೆದು, ಆದರೆ ಕೈಗೆ ವ್ಯಾಯಾಮ ಮಾಡಿಸುವವನು ಚಿಂತೆಯಲ್ಲಿದ್ದಾನೆ ಎಂದರು. ಅವನು ಹಿಡಿ ದಪ್ಪವಿರುವ ಚಮಚವೊಂದನ್ನು ಕೊಟ್ಟು ಹೋಗಿದ್ದ. ಅದು ಮೇಜಿನ ಮೇಲೆ ಕೊಟ್ಟ ಹಾಗೆಯೇ ಇತ್ತು. ಕೆಲಸ ಕೊಡದ ಕೈಯನ್ನು ಮಿದುಳು ಮೆಲ್ಲಗೆ ಮರೆತುಬಿಡುತ್ತದೆ, ಆಮೇಲೆ ನೆನಪು ಮಾಡಿಸುವುದು ಕಷ್ಟ ಎಂದು ಅವನು ಹೇಳಿದನಂತೆ. ನಾನು ಅದನ್ನು ಜೆಸಿಂತಾಳಿಗೆ ಹೇಳಿದೆ. "ಹೌದು ಸರ್, ಗೊತ್ತುಂಟು ಸರ್" ಎಂದಳು. ಸಂಜೆ ಮತ್ತೆ ತಿನ್ನಿಸಿದಳು.

ಪ್ರಮೀಳಾ ಬಂದದ್ದು ಆ ಸಂಜೆಯೇ. ಕಾಪುವಿನವಳು, ತಂದೆ ದೋಣಿಗೆ ಹೋಗುತ್ತಿದ್ದವರು. ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಮುದುಕರ ಆಶ್ರಮದಲ್ಲಿ ಕೆಲಸ. ರಜೆ ಸಿಗದೆ ತಡವಾಗಿತ್ತು. ತನ್ನ ತಂಡದಲ್ಲಿ ಮೇಡಂನಿಂದ ಅತಿ ಹೆಚ್ಚು ಬೈಸಿಕೊಂಡವಳು ಇವಳೇ ಎಂದು ಉಳಿದವರು ಮೊದಲೇ ಹೇಳಿದ್ದರು. ಬಂದವಳು ಬೇರೆಯವರಂತೆ ನೆಟ್ಟಗೆ ನಿಂತಳು, ಮೇಡಂನನ್ನು ನೋಡಿದಳು, ಜೆಸಿಂತಾಳ ಕೈಯಲ್ಲಿದ್ದ ಚಮಚ ನೋಡಿದಳು.

"ಎಂತ ಮಾಡ್ತಾ ಇದ್ದಿ ಜೆಸ್ಸಿ?"

"ಕಾಣುದಿಲ್ವಾ? ಊಟ."

"ಮೇಡಂನ ಬಲಗೈ ಎಲ್ಲುಂಟು?"

"ಕಂಬಳಿ ಒಳಗೆ. ತಣ್ಣಗಾಗ್ತದೆ ಅಂತ."

"ನಿನ್ನ ವಾರ್ಡಿನ ಪೇಷಂಟಿಗೂ ಹೀಗೆ ಮಾಡ್ತಿಯಾ?"

ಜೆಸಿಂತಾಳ ಮುಖ ಕೆಂಪಾಯಿತು. "ಇವರು ಪೇಷಂಟಾ? ಮೇಡಂ, ಮಾರಾಯ್ತಿ!"

"ಅಲ್ಲೇ ತಪ್ಪಿದ್ದು ನಾವು" ಎಂದಳು ಪ್ರಮೀಳಾ.

ಅವಳು ಕೈ ತೊಳೆದು, ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹಾಸಿಗೆಯ ಬಲಬದಿಗೆ ಬಂದಳು. "ಮೇಡಂ, ನಾನು ಪ್ರಮೀಳಾ. ನಿಮ್ಮ ಕೈ ಹೊರಗೆ ತೆಗೀತೇನೆ" ಎಂದಳು. ತೆಗೆದಳು. ದಪ್ಪ ಹಿಡಿಯ ಚಮಚವನ್ನು ಬೆರಳುಗಳೊಳಗೆ ಕೂರಿಸಿದಳು, ಬಟ್ಟಲನ್ನು ಹತ್ತಿರ ಸರಿಸಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು.

ಬಹಳ ಹೊತ್ತು ಏನೂ ಆಗಲಿಲ್ಲ. ಚಮಚ ನಡುಗಿತು. ಬಟ್ಟಲಿನ ಅಂಚಿಗೆ ತಾಗಿ ಕಟಕಟ ಎಂದಿತು. ಗಂಜಿಯನ್ನು ಹೊಕ್ಕಿತು, ಮೇಲೆ ಬಂತು, ಅರ್ಧ ದಾರಿಯಲ್ಲಿ ಓರೆಯಾಗಿ ಪೂರ್ತಿ ಎದೆಯ ಮೇಲೆ ಚೆಲ್ಲಿತು. ನಾನು ಬಟ್ಟೆ ಹಿಡಿದು ಎದ್ದೆ.

"ಸರ್, ಕೂತ್ಕೊಳ್ಳಿ" ಎಂದಳು ಪ್ರಮೀಳಾ. ಸ್ವರ ಏರಿಸಲಿಲ್ಲ. ನಾನು ಕೂತೆ.

"ಕಲ್ಲಾ ನಿನ್ನ ಎದೆ?" ಎಂದು ಜೆಸಿಂತಾ ಪಿಸುಗುಟ್ಟಿದಳು. ಪ್ರಮೀಳಾಳ ಬೆನ್ನ ಹಿಂದಿನ ಕೈಗಳು ನಾನು ಕೂತಲ್ಲಿಗೆ ಕಾಣುತ್ತಿದ್ದವು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿತ್ತು, ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಅವಳು ಸುಮ್ಮನೆ ನಿಂತಿರಲಿಲ್ಲ. ತನ್ನನ್ನು ತಾನೇ ಹಿಡಿದು ನಿಲ್ಲಿಸಿಕೊಂಡಿದ್ದಳು.

ಎರಡನೆಯ ಸಲವೂ ಚೆಲ್ಲಿತು. ಮೂರನೆಯದು ಗಲ್ಲಕ್ಕೆ ತಾಗಿತು. ಪಕ್ಕದ ಹಾಸಿಗೆಯ ಅಜ್ಜಿ ತನ್ನ ಊಟ ನಿಲ್ಲಿಸಿ ನೋಡುತ್ತಿತ್ತು. ಆಮೇಲಿನ ಯಾವುದೋ ಒಂದರಲ್ಲಿ ಚಮಚ ತುಟಿಗೆ ಬಂತು, ಒಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು. ವಾರಿಜಾ ಗಲ್ಲ ತಗ್ಗಿಸಿ, ಓರ್ಲಾ ಹೇಳಿಕೊಟ್ಟಂತೆ, ನುಂಗಿದಳು. ಅಜ್ಜಿ ಚಪ್ಪಾಳೆ ತಟ್ಟಿತು.

ವಾರಿಜಾ ಯಾರನ್ನೂ ನೋಡಿ ನಗಲಿಲ್ಲ. ಚಮಚ ಕೆಳಗಿಟ್ಟಳು. ಎಡಗೈ ಎತ್ತಿ ಪ್ರಮೀಳಾಳ ಮಣಿಕಟ್ಟಿನತ್ತ ತೋರಿಸಿದಳು. ಅವಸರದಲ್ಲಿ ಬಂದವಳ ಕೈಯಲ್ಲಿ ಎರಡು ಬಳೆ ಇದ್ದವು. ರೋಗಿಯ ಹತ್ತಿರ ಬಳೆ, ಉಂಗುರ, ವಾಚು ಯಾವುದೂ ಕೂಡದು. "ಅಯ್ಯೋ, ತಪ್ಪಾಯ್ತು ಮೇಡಂ" ಎಂದು ಪ್ರಮೀಳಾ ಬಳೆ ಕಳಚತೊಡಗಿದಳು. ಕಳಚುತ್ತಾ ಕಳಚುತ್ತಾ ಅಳು ಬಂತು. ಜೆಸಿಂತಾ ಮೆಲ್ಲಗೆ ತನ್ನ ವಾಚು ಬಿಚ್ಚಿ ಕಿಸೆಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಆಮೇಲೆ ಕ್ಯಾಂಟೀನಿನಲ್ಲಿ ಕೂತಾಗ ಪ್ರಮೀಳಾ ನನಗೆ ಹೇಳಿದಳು:

"ಎರಡನೇ ವರ್ಷ ಸರ್. ನಮ್ಮ ಊರಿನವರೇ ಒಬ್ಬರು ಅಜ್ಜ, ಬಲೆ ಹಾಕುವವರು, ಕೈ ಹೋಗಿತ್ತು. ಬೆಳಿಗ್ಗೆ ತಲೆ ಬಾಚಿಕೊಳ್ಳಲಿಕ್ಕೆ ಬಾಚಣಿಗೆ ಹಿಡಿದು ಒದ್ದಾಡ್ತಾ ಇದ್ರು. ನಾನು ತೆಗೆದು ಬಾಚಿಬಿಟ್ಟೆ. ಮೇಡಂ ಹಿಂದಿಂದ ಬಂದು ನನ್ನ ಎರಡೂ ಕೈ ಹಿಡಿದು ಬೆನ್ನ ಹಿಂದೆ ಇಟ್ರು. ಅಜ್ಜನ ಕೈಗೆ ಬಾಚಣಿಗೆ ವಾಪಸ್ ಕೊಟ್ರು. ಇಡೀ ಬೆಳಿಗ್ಗೆ ಹಾಗೆ ನಿಲ್ಲಿಸಿದ್ದು ಸರ್, ನನ್ನ ಕೈ ಬಿಡಲೇ ಇಲ್ಲ. ನನಗೆ ಎಂತಾ ಸಿಟ್ಟು! ಮೇಡಂ ಕಿವಿಯಲ್ಲಿ ಹೇಳಿದ್ರು, 'ನೀನು ಬಾಚಿದ್ರೆ ಅವರ ತಲೆ ಚಂದ ಆಗ್ತದೆ. ಅವರು ಬಾಚಿಕೊಂಡ್ರೆ ಮನೆಗೆ ಹೋಗ್ತಾರೆ. ನಿನಗೆ ಯಾವುದು ಬೇಕು?' ಅಂತ."

"ಅಜ್ಜ ಬಾಚಿಕೊಂಡರಾ?"

"ವಕ್ರ ಬೈತಲೆ ಸರ್" ಎಂದು ಪ್ರಮೀಳಾ ನಕ್ಕಳು. "ಮತ್ತೆ ಮನೆಗೆ ಹೋದ್ರು."

ಜೆಸಿಂತಾ ಚಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. "ನಮಗೆಲ್ಲ ಇದನ್ನೇ ಕಲಿಸಿದ್ದು ಸರ್. ಯಾವ ಪೇಷಂಟಿಗಾದ್ರೂ ಮಾಡ್ತೇವೆ. ಮೇಡಂ ಚಮಚ ಹಿಡಿದು ಒದ್ದಾಡುವಾಗ ಸುಮ್ನೆ ನಿಲ್ಲುದು ಹೇಗೆ? ನನ್ನ ಹತ್ರ ಆಗ್ಲಿಲ್ಲ."

ಮರುದಿನದಿಂದ ಗಂಜಿ ಜೆಸಿಂತಾಳ ಮನೆಯಿಂದಲೇ ಬರುತ್ತಿತ್ತು. ಬಟ್ಟಲು ಮೇಜಿಗೆ ಬರುತ್ತಿತ್ತು, ಚಮಚ ಕೈಗೆ ಬರುತ್ತಿತ್ತು. ಬಂದವರೆಲ್ಲ ಹಾಸಿಗೆಯ ಸುತ್ತ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಹೊಸದಾಗಿ ನೋಡಿದವರಿಗೆ ಇದು ಯಾವುದೋ ಶಿಕ್ಷೆಯಂತೆ ಕಂಡಿರಬೇಕು. ಓರ್ಲಾ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ತಾನೂ ಕೈ ಹಿಂದೆ ಕಟ್ಟಿಕೊಂಡಳು.

ಕಾಪು

ವಿಮಾನ ಹತ್ತಬಹುದು ಎಂದು ಡಾಕ್ಟರರು ಹೇಳಿದಾಗ ಊರಿನಲ್ಲಿ ಮಳೆ ಶುರುವಾಗಿತ್ತು. ವಾರಿಜಾ ಕೋಲು ಹಿಡಿದು ನಡೆಯುತ್ತಿದ್ದಳು. ಮಾತುಗಳು ಒಂದೊಂದಾಗಿ, ಮೊದಲು ತುಳುವಿನವು, ಮರಳಿ ಬರುತ್ತಿದ್ದವು. ಬಂದವುಗಳಲ್ಲಿ ಅರ್ಧ ತಪ್ಪು ಜಾಗಕ್ಕೆ ಹೋಗಿ ಕೂರುತ್ತಿದ್ದವು. ಕೊಡೆ ಬೇಕಾದಾಗ ಚಾಪೆ ಎಂದಳು. ನಾನು ಚಾಪೆ ತಂದುಕೊಟ್ಟೆ. ಇಬ್ಬರೂ ಅದನ್ನು ನೋಡಿಕೊಂಡು ನಕ್ಕೆವು.

ಬೆಳ್ಮಣ್‌ನಿಂದ ಅವಳ ಅಕ್ಕ ಗಿರಿಜಕ್ಕ ಬಂದು ಕೂತರು. ಬಂದ ದಿನವೇ ಅನ್ನ ಕಲಸಿ ತುತ್ತು ಹಿಡಿದರು. ನಾನು, "ಬೇಡ ಗಿರಿಜಕ್ಕ, ಅವಳೇ ಉಣ್ಣಲಿ" ಎಂದೆ.

"ನೀವು ಗಂಡಸರು ಹೀಗೇ. ಹೆಂಡತಿಗೆ ಒಂದು ತುತ್ತು ಕೊಡಲಿಕ್ಕೆ ನಿಮ್ಮ ಕೈ ಸವೆಯುತ್ತದಾ ಭಾವ? ನೋಡಿ, ಅರ್ಧ ನೆಲಕ್ಕೇ ಹೋಯ್ತು!"

"ಹೋಗಲಿ. ನಾನು ಒರೆಸುತ್ತೇನೆ."

"ಒರೆಸ್ಲಿಕ್ಕೆ ಆಗ್ತದೆ, ತಿನ್ನಿಸ್ಲಿಕ್ಕೆ ಆಗುದಿಲ್ಲ!" ಎಂದು ಗಿರಿಜಕ್ಕ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಅವರನ್ನು ನಾನು ಯಾವ ಬಾಯಿಯಿಂದ ದೂರಲಿ? ಅನ್ನದ ತಟ್ಟೆಯ ಮುಂದೆ ಅವಳ ಬೆರಳುಗಳು ಸೇರದೆ ಒದ್ದಾಡುವುದನ್ನು ನೋಡುವಾಗ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಎಷ್ಟೋ ಸಲ ಎದ್ದು ಜಗಲಿಗೆ ಬಂದು ಮಳೆ ನೋಡಿದ್ದೇನೆ.

ಮಣಿಪಾಲ

ಹೊಸ ತಂಡ ಬಂದಿದೆ, ಮೇಡಂ ಸುಮ್ಮನೆ ಬಂದು ಒಂದು ಗಳಿಗೆ ಕೂತರೂ ಸಾಕು ಎಂದು ಈಗ ಆ ಪಾಠ ಮಾಡುವವರು ಫೋನ್ ಮಾಡಿದರು. ಅವರೂ ಇವಳ ಶಿಷ್ಯೆಯೇ, ವಿನಯಾ ಎಂದು ಹೆಸರು. ನಾನು ಬೇಡವೆಂದು ಹೇಳಬೇಕೆಂದಿದ್ದೆ. ನಾಲ್ಕು ಮಾತು ಸರಿಯಾಗಿ ಬಾರದವಳು ಮಕ್ಕಳ ಮುಂದೆ ನಿಂತು ಅವಮಾನ ಪಡುವುದು ನನಗೆ ಬೇಡವಾಗಿತ್ತು. ವಾರಿಜಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಬರ್ತೇನೆ" ಎಂದಳು. ಆ ಮಾತು ಸರಿಯಾದ ಜಾಗದಲ್ಲೇ ಕೂತಿತು.

ರಿಕ್ಷಾ ಗೇಟಿನ ಹತ್ತಿರ ನಿಂತಿತು. ಅಭ್ಯಾಸದಂತೆ ನಾನು ಅಲ್ಲೇ ನಿಂತೆ. ಅವಳು ಕೋಲೂರಿ ನಾಲ್ಕು ಹೆಜ್ಜೆ ನಡೆದು, ತಿರುಗಿ, "ಮಾಷ್ಟ್ರೇ" ಎಂದಳು. ಹಾಗೆ ನಾನು ಮೊದಲ ಸಲ ಒಳಗೆ ಹೋದೆ.

ಉದ್ದನೆಯ ಕೋಣೆ. ಗೋಡೆಯ ಬದಿಗೆ ಹಾಸಿಗೆಗಳು, ಅವುಗಳ ಮೇಲೆ ಮಲಗಿಸಿದ ಗೊಂಬೆ ರೋಗಿಗಳು. ಹೊಸ ಸಮವಸ್ತ್ರದ ಮಕ್ಕಳು ಎದ್ದು ನಿಂತರು. ಹುಡುಗಿಯರು ಹೆಚ್ಚು, ನಾಲ್ಕೈದು ಹುಡುಗರು. ವಿನಯಾ ಕುರ್ಚಿ ಹಾಕಿಸಿದರು. ವಾರಿಜಾ ಕೂರಲಿಲ್ಲ. ತನ್ನ ಚೀಲದತ್ತ ಗಲ್ಲದಿಂದಲೇ ತೋರಿಸಿದಳು. ತೆರೆದು ನೋಡಿದರೆ ಒಳಗೆ ಅವಳ ಬಿಳಿ ಕೋಟು ಇತ್ತು. ಸೀರೆಯ ಮೇಲೆ ಹಾಕಿಕೊಂಡು ಪಾಠ ಮಾಡುತ್ತಿದ್ದ ಕೋಟು. ಯಾವಾಗ ಒಗೆದು ಮಡಚಿಟ್ಟಿದ್ದಳೋ ನನಗೆ ಗೊತ್ತಿಲ್ಲ.

ಕೋಲನ್ನು ಮೇಜಿಗೆ ಒರಗಿಸಿದಳು. ಬಲಗೈಯನ್ನು ಮೊದಲು ತೋಳಿನೊಳಗೆ ತೂರಿಸಿದಳು, ಬಲವಿಲ್ಲದ ಕೈ ಮೊದಲು. ಕೈ ಅರ್ಧಕ್ಕೆ ಸಿಕ್ಕಿಕೊಂಡಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಓಡಿ ಬಂದು ತೋಳು ಹಿಡಿದಳು. ವಾರಿಜಾ ಅವಳ ಮುಖ ನೋಡಿದಳು. ಹುಡುಗಿಗೆ ಏನೆಂದು ಅರ್ಥವಾಗಲಿಲ್ಲ. ವಾರಿಜಾ ಎಡಗೈಯಿಂದ ಆ ಹುಡುಗಿಯ ಒಂದು ಕೈ ಹಿಡಿದು ಅವಳ ಬೆನ್ನ ಹಿಂದೆ ಇಟ್ಟಳು. ಆಮೇಲೆ ಇನ್ನೊಂದು ಕೈ. ಮೆಲ್ಲಗೆ, ಮಗುವಿಗೆ ಅಂಗಿ ತೊಡಿಸುವಷ್ಟು ಮೆಲ್ಲಗೆ. ಹುಡುಗಿ ಹಾಗೆಯೇ ನಿಂತಳು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಹಾಗೆಯೇ ನಿಂತರು.

ಗುಂಡಿಗಳು ಕುತ್ತಿಗೆಯಿಂದ ಮೊಣಕಾಲಿನವರೆಗೆ. ಮೊದಲನೆಯದು ಬೆರಳಿನಿಂದ ಜಾರಿತು. ಮತ್ತೆ ಜಾರಿತು. ಹೆಬ್ಬೆರಳು ಗುಂಡಿಯನ್ನು ಹಿಡಿದರೆ ತೋರುಬೆರಳು ತೂತು ಸಿಗದೆ ಸುತ್ತಮುತ್ತ ಅಲೆಯಿತು. ಹೊರಗೆ ಮಳೆ ಬಂದು ಹೋಯಿತು. ಯಾರೂ ಅಲುಗಲಿಲ್ಲ. ವಿನಯಾ ತುಟಿ ಕಚ್ಚಿ ನಿಂತಿದ್ದರು. ಬಾಗಿಲಿನ ಹತ್ತಿರದ ಗೋಡೆಗೆ ಒರಗಿದ್ದ ನನಗೆ ಬೆನ್ನಿಗೆ ಏನೋ ಒತ್ತುತ್ತಿದೆ ಎನ್ನಿಸಿತು. ನನ್ನವೇ ಕೈಗಳು.

ಕಡೆಯ ಗುಂಡಿ ಹಾಕಲು ಅವಳು ಕುರ್ಚಿಯಲ್ಲಿ ಕೂತು ಬಾಗಬೇಕಾಯಿತು. ಹಾಕಿದಳು. ನಡುವಿನ ಒಂದು ತಪ್ಪು ತೂತಿಗೆ ಹೋಗಿ ಕೋಟು ಸ್ವಲ್ಪ ಓರೆಯಾಗಿತ್ತು. ಯಾರೋ ಉಸಿರು ಬಿಟ್ಟದ್ದು ಕೇಳಿತು. ಚಪ್ಪಾಳೆಗೆ ಕೈ ಎತ್ತಲು ಹೋದ ವಿನಯಾ ಅವಳ ಮುಖ ನೋಡಿ ನಿಲ್ಲಿಸಿದರು, ಏಕೆಂದರೆ ವಾರಿಜಾ ಎದ್ದು ನಿಂತು ಕೋಣೆಯ ಹಿಂಬದಿಗೆ ನೋಡುತ್ತಿದ್ದಳು. ಅಲ್ಲಿ, ಎತ್ತರದ ಹುಡುಗರ ಬೆನ್ನ ಹಿಂದೆ, ಕುಳ್ಳಗಿನ ಮೂವರು ಹುಡುಗಿಯರು ತುದಿಗಾಲಿನಲ್ಲಿ ನಿಂತು ಇಣುಕುತ್ತಿದ್ದರು.

ಅವಳು ಅವರನ್ನು ಮುಂದೆ ಕರೆದಳು. ಅವರು ಬಂದು ಸಾಲಿನಲ್ಲಿ ನಿಂತ ಮೇಲೆ, ಹಾಕಿದ್ದ ಗುಂಡಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಮೊದಲಿನಿಂದ ಶುರು ಮಾಡಿದಳು.